ಗುಜರಿಯಲ್ಲಿ ಸಿಕ್ಕಿದ ಸ್ವರ

ಮಂಗಳೂರು, ಭಾನುವಾರ ರಾತ್ರಿ

ಪ್ರೀತಿಯ ಗೆಳೆಯಾ,

"ಅಷ್ಟೊಂದು ಕ್ಯಾಸೆಟ್ ಗುಡ್ಡೆ ಹಾಕಿದ್ದೀಯಲ್ಲ, ಒಂದನ್ನಾದರೂ ನಾಲ್ಕು ಜನಕ್ಕೆ ಕೇಳಿಸು" ಅಂತ ನೀನು ಬರೆದದ್ದು ಇದು ಮೂರನೇ ಸಲ. ಕೋಪ ಇಲ್ಲ ಮಾರಾಯ. ಫೋನಿನಲ್ಲಿ ಹೇಳಿ ಮುಗಿಯುವ ವಿಷಯ ಅಲ್ಲ, ಅದಕ್ಕೇ ಕಾಗದ.

ಬಂದರಿನ ಗುಜರಿ ಅಂಗಡಿಯವರಿಗೆ ಈಗ ನನ್ನ ಗುರ್ತ ಆಗಿದೆ. ಸ್ಕೂಟರ್ ನಿಲ್ಲಿಸುವ ಮೊದಲೇ "ಸಾರ್, ನಿಮ್ಮ ಪೆಟ್ಟಿಗೆ ಬಂದಿದೆ" ಅನ್ನುತ್ತಾರೆ. ಅವರಿಗೆ ಅದು ಪ್ಲಾಸ್ಟಿಕ್, ಕಿಲೋ ಲೆಕ್ಕ. ಹಳೇ ಮನೆ ಕೆಡವುವಾಗ ಅಟ್ಟದಿಂದ ಇಳಿಸಿದ್ದೇ ಜಾಸ್ತಿ. ಸಿನಿಮಾ ಹಾಡು, ಭಜನೆ ನನಗೆ ಬೇಡ. ಬಾಲ್‌ಪೆನ್ನಿನಲ್ಲಿ ಏನೋ ಗೀಚಿದ್ದು ಬೇಕು, ಏನೂ ಬರೆಯದೆ ಬಿಟ್ಟದ್ದು ಅದಕ್ಕಿಂತ ಬೇಕು. ನಮ್ಮ ಮಳೆಗಾಲ ಗೊತ್ತುಂಟಲ್ಲ, ಟೇಪಿನ ಸುರುಳಿಯ ಮೇಲೆಲ್ಲ ಬಿಳಿ ಬೂಷ್ಟು. ಐದು ಸ್ಕ್ರೂ ಬಿಚ್ಚಬೇಕು, ಒರೆಸಬೇಕು, ಒಮ್ಮೆ ಹಿಂದಕ್ಕೆ ಮುಂದಕ್ಕೆ ಸುತ್ತಬೇಕು, ಆಮೇಲೆ ಪ್ಲೇ. ಬೂಷ್ಟಿನ ಧೂಳು ಅಂತ ಮಾಸ್ಕ್ ಹಾಕಿಕೊಂಡರೆ ಹೆಂಡತಿ "ಆಪರೇಷನ್ ಆಯ್ತಾ?" ಅಂತ ಬಾಗಿಲಿನಿಂದಲೇ ಕೇಳುತ್ತಾಳೆ.

ಯಕ್ಷಗಾನದ್ದು ಬೇಕಾದಷ್ಟು ಸಿಗುತ್ತದೆ. 90 ನಿಮಿಷದ ಕ್ಯಾಸೆಟ್ಟಿನಲ್ಲಿ ಒಂದು ಬದಿಗೆ 45 ನಿಮಿಷ. ರಾತ್ರಿಯಿಡೀ ಆಟ ಹಿಡಿಯಲು ಐದಾರು ಕ್ಯಾಸೆಟ್ ಬೇಕು. ಯಾರೋ ಪುಣ್ಯಾತ್ಮ ರಂಗಸ್ಥಳದ ಬದಿಯಲ್ಲಿ ನಿದ್ದೆಗೆಟ್ಟು ಕೂತಿದ್ದಾನೆ, ಮುಗಿದ ಹಾಗೆ ಮಗುಚಿ ಹಾಕಿದ್ದಾನೆ. ಒಂದು ಕಡೆ ಅವನೂ ತೂಕಡಿಸಿರಬೇಕು. ಪದ್ಯದ ನಡುವೆ ಟಕ್ ಅಂತ ನಿಂತಿದೆ. ಮುಂದಿನ ಬದಿ ಶುರುವಾಗುವಾಗ ರಾಕ್ಷಸ ಆಗಲೇ ಸತ್ತಿದ್ದಾನೆ!

ಇನ್ನೊಂದು ತಮಾಷೆ ಕೇಳು. ಬೆಳಗಾಗುತ್ತಾ ರೆಕಾರ್ಡರಿನ ಬ್ಯಾಟರಿ ಇಳಿಯುತ್ತದೆ, ಮೋಟರು ನಿಧಾನವಾಗುತ್ತದೆ. ಹಾಗೆ ನಿಧಾನಕ್ಕೆ ಓಡಿದ ಟೇಪನ್ನು ನಾವು ಈಗ ಸರಿಯಾದ ವೇಗದಲ್ಲಿ, ಅಂದರೆ ಸೆಕೆಂಡಿಗೆ 4.76 ಸೆಂಟಿಮೀಟರಿನಂತೆ, ಓಡಿಸಿದರೆ ಸ್ವರ ಮೇಲೇರುತ್ತದೆ. ಮಧ್ಯರಾತ್ರಿ ಗಂಭೀರವಾಗಿ ಹಾಡುತ್ತಿದ್ದ ಭಾಗವತರು ಬೆಳಗಿನ ಜಾವಕ್ಕೆ ಹತ್ತು ವರ್ಷದ ಹುಡುಗ. ಚೆಂಡೆ ತಗಡು ಬಡಿದ ಹಾಗೆ. ಮೊದಲನೇ ಕ್ಯಾಸೆಟ್ಟಿನ ಶ್ರುತಿ ಹಿಡಿದುಕೊಂಡು ಕಂಪ್ಯೂಟರಿನಲ್ಲಿ ಚೂರು ಚೂರೇ ಇಳಿಸುತ್ತಾ ಹೋಗುತ್ತೇನೆ. ಒಂದು ರಾತ್ರಿಯ ಆಟಕ್ಕೆ ನನ್ನ ಎರಡು ವಾರ ಬೇಕು.

ಇವನ್ನು ಹಂಚಲು ನನಗೇನೂ ಅಡ್ಡಿಯಿಲ್ಲ. ಯಕ್ಷಗಾನದ ಭಾಗವತ ಕಾಳಿಂಗ ನಾವಡರು 1990ರಲ್ಲಿ ತೀರಿಕೊಂಡಾಗ ವಯಸ್ಸು 32 ದಾಟಿರಲಿಲ್ಲ. ಅವರ ಎಷ್ಟೋ ರಾತ್ರಿಗಳು ಇವತ್ತಿಗೂ ಕೇಳಲು ಸಿಗುವುದು ಯಾರೋ ಅಭಿಮಾನಿಯ ರೆಕಾರ್ಡರಿನಿಂದ. ಆದರೂ ಸಂಬಂಧಪಟ್ಟವರ ಅನುಮತಿ ಕೇಳಿಯೇ ಹಂಚಬೇಕು ಅನ್ನುವವನು ನಾನು. ಕಲಾವಿದರಿಗೆ ತಮ್ಮ ಪ್ರದರ್ಶನದ ಮೇಲೆ ಕಾನೂನಿನಲ್ಲಿ 50 ವರ್ಷ ಹಕ್ಕು ಉಂಟು. ಕಾನೂನು ಬಿಡು, ಮನೆಯವರಿಗೆ ಒಂದು ಮಾತು ಹೇಳಲು ಎಂತ ಕಷ್ಟ? ತಾಳಮದ್ದಳೆಯಲ್ಲಿ ಪಾತ್ರವಾಗಿ ಮಾತಾಡುತ್ತಿದ್ದ ಇಬ್ಬರು ಅರ್ಥಧಾರಿಗಳ ಮಕ್ಕಳಿಗೆ ಫೋನ್ ಮಾಡಿದೆ. ಒಬ್ಬರು ಸಂತೋಷಪಟ್ಟರು. ಇನ್ನೊಬ್ಬರು "ಅಪ್ಪನ ಆ ದಿನದ ಮಾತು ಚೆನ್ನಾಗಿರಲಿಲ್ಲ, ಬೇಡ" ಅಂದರು. ಅದನ್ನು ಡಬ್ಬಿಗೆ ಹಾಕಿದೆ.

ನಾವಡರು ಹೋದ ವರ್ಷವೇ, ಡಿಸೆಂಬರಿನಲ್ಲಿ, ಮಾಚಾರಿನ ಗೋಪಾಲ ನಾಯ್ಕರು ಹಾಡಿದ ಸಿರಿ ಪಾಡ್ದನವನ್ನು, ಅಂದರೆ ತುಳುವಿನ ಬಾಯಿಪಾಠದ ಮಹಾಕಾವ್ಯವನ್ನು, ಫಿನ್ಲೆಂಡಿನ ಜಾನಪದ ವಿದ್ವಾಂಸ ಲೌರಿ ಹೊಂಕೊ ಅವರ ತಂಡ ಪೂರ್ತಿ ದಾಖಲಿಸಿಕೊಂಡಿತು. 15,683 ಸಾಲು! 1998ರಲ್ಲಿ ಅಚ್ಚಾಯಿತು. ಅದಕ್ಕೆ ಕಪಾಟು ಉಂಟು, ನಂಬರು ಉಂಟು. ನನ್ನ ಪೆಟ್ಟಿಗೆಯಲ್ಲಿರುವುದಕ್ಕೆ ಗುಜರಿಯವನ ತಕ್ಕಡಿ ಮಾತ್ರ.

ಈಗ, ಕಳಿಸು ಅಂತ ನೀನು ಹಟ ಹಿಡಿದಿರುವ ಆ ಕ್ಯಾಸೆಟ್ಟಿಗೆ ಬರುತ್ತೇನೆ.

ಮೇಲೆ ಹೆಸರಿಲ್ಲ. ಅಳಿಸದಂತೆ ಹಿಂದಿನ ಕಿವಿ ಮುರಿದಿದ್ದರು, ಆಮೇಲೆ ಇನ್ಯಾರೋ ಆ ತೂತಿಗೆ ಕಾಗದ ತುರುಕಿ ಮತ್ತೆ ರೆಕಾರ್ಡ್ ಮಾಡಿದ್ದಾರೆ. ಒಬ್ಬ ತಾಯಿ ಗಲ್ಫಿನಲ್ಲಿರುವ ಮಗನಿಗೆ ಮಾತಾಡಿ ಕಳಿಸಿದ ಕ್ಯಾಸೆಟ್ ಅದು. ನಿನಗೆ ನೆನಪಿರಬೇಕು, ಆಗ ಫೋನು ದುಬಾರಿ, ಕಾಗದ ಬರೆಯಲು ಎಲ್ಲರಿಗೂ ಬರುತ್ತಿರಲಿಲ್ಲ. ರಜೆ ಮುಗಿಸಿ ಹೊರಟವರ ಕೈಯಲ್ಲಿ ಉಪ್ಪಿನಕಾಯಿ, ಹಪ್ಪಳದ ಜೊತೆ ಒಂದು ಕ್ಯಾಸೆಟ್ಟೂ ಹೋಗುತ್ತಿತ್ತು. ಇದು ಮಂಗಳೂರಿನ ಗುಜರಿಗೆ ಹೇಗೆ ಬಂತು? ಕಳಿಸಲೇ ಇಲ್ಲವೋ, ಮಗ ವಾಪಸು ತಂದನೋ. ತಾರೀಕು ಇಲ್ಲ. ಬೊಂಬಾಯಿಗೆ ರೈಲು ಆಗುತ್ತದಂತೆ ಅಂತ ಒಂದು ಕಡೆ ಹೇಳುತ್ತಾರೆ. ಕೊಂಕಣ ರೈಲು ಪೂರ್ತಿ ದಾರಿ ಓಡಿದ್ದು 1998ರ ಜನವರಿಯಲ್ಲಿ. ಹಾಗಾದರೆ ಅದಕ್ಕಿಂತ ಹಿಂದಿನದು.

ಅವರ ಮಾತು ತುಳುವಿನಲ್ಲಿ. ದನ ಕರು ಹಾಕಿದ್ದು, ಮಾಡು ಸೋರುವುದು, ಯಾರದೋ ಸಾಲ. ನಡುವೆ ಒಮ್ಮೆ "ಒಣಸ್ ಆಂಡಾ ಮಗಾ?" ಅನ್ನುತ್ತಾರೆ. ಊಟ ಆಯಿತಾ ಅಂತ ಕೇಳಿ ಸುಮ್ಮನಾಗುತ್ತಾರೆ. ಉತ್ತರಕ್ಕೆ ಕಾಯುತ್ತಾರೆ ಮಾರಾಯ! ಎದುರಿಗೆ ಇರುವುದು ಒಂದು ಪೆಟ್ಟಿಗೆ, ಮಗ ಸಮುದ್ರದ ಆಚೆ. ನಾಲ್ಕು ಸೆಕೆಂಡು ಆದ ಮೇಲೆ "ಹಾಂ" ಅಂತ ತಾವೇ ಹೇಳಿಕೊಂಡು ಮುಂದಿನ ಮಾತಿಗೆ ಹೋಗುತ್ತಾರೆ.

ಆ ನಾಲ್ಕು ಸೆಕೆಂಡಿನಲ್ಲಿ ಕಿವಿಗೊಟ್ಟು ಕೇಳಿದರೆ ದೂರದಲ್ಲಿ ಚೆಂಡೆ. ಮೊದಲಿಗೆ ಹತ್ತಿರದಲ್ಲೆಲ್ಲೋ ಆಟ ಇತ್ತೇನೋ ಅಂದುಕೊಂಡೆ. ಅಲ್ಲ. ಅಗ್ಗದ ರೆಕಾರ್ಡರುಗಳಲ್ಲಿ ಹಳೆಯದನ್ನು ಅಳಿಸುವುದು ಒಂದು ಸಣ್ಣ ಅಯಸ್ಕಾಂತ. ಅದು ಸರಿಯಾಗಿ ತಾಗದಿದ್ದರೆ ಮೊದಲಿದ್ದದ್ದು ಅಡಿಯಲ್ಲಿ ಉಳಿದುಬಿಡುತ್ತದೆ. ಕಿವಿ ಮುರಿದು ಜೋಪಾನ ಮಾಡಿದ್ದ ಆಟದ ಮೇಲೆಯೇ ತಾಯಿ ಮಾತಾಡಿದ್ದಾರೆ. ಬೇರೆ ಕ್ಯಾಸೆಟ್ ಮನೆಯಲ್ಲಿ ಇರಲಿಲ್ಲವೋ ಏನೋ.

ನೀನು ಹೇಳಿದ ಹಾಗೆ ಗೊರಗೊರ ಸದ್ದು ತೆಗೆದು ಚೊಕ್ಕ ಮಾಡಿ ನೋಡಿದೆ. ಚೆಂಡೆ ಹೋಯಿತು, ಹೇಂಟೆ ಹೋಯಿತು, ಬಾವಿಯ ರಾಟೆ ಹೋಯಿತು. ಉಳಿದದ್ದು ಬ್ಯಾಂಕಿನ ಫೋನಿನಲ್ಲಿ ಮಾತಾಡುವ ಹೆಂಗಸಿನಂಥ ಸ್ವರ. ಅಳಿಸಿ ಹಾಕಿ ಮೊದಲಿನದ್ದನ್ನೇ ಇಟ್ಟುಕೊಂಡೆ.

ಮನೆಯವರು ಸಿಗಬಹುದಾ ಅಂತ ರಾಟೆ, ಹೇಂಟೆಯ ಸದ್ದು ಮಾತ್ರ ಇರುವ ಹನ್ನೆರಡು ಸೆಕೆಂಡನ್ನು ವಾಟ್ಸಾಪ್ ಸ್ಟೇಟಸ್ ಹಾಕಿದೆ, ಕೆಳಗೆ ಎರಡು ಸಾಲು ವಿವರ. ಅದು ಎಲ್ಲೆಲ್ಲಿಗೋ ಹೋಗಿರಬೇಕು. ಉಡುಪಿ ಕಡೆಯ ಒಬ್ಬರು ಹೋದ ಶನಿವಾರ ಬಸ್ಸು ಹತ್ತಿ ಬಂದೇಬಿಟ್ಟರು. ಅರುವತ್ತರ ಹತ್ತಿರದ ಪ್ರಾಯ, ಹದಿನೆಂಟು ವರ್ಷ ಗಲ್ಫಿನಲ್ಲಿ ಇದ್ದವರಂತೆ. ಹೆಡ್‌ಫೋನ್ ಕೊಟ್ಟೆ. ಕಣ್ಣು ಮುಚ್ಚಿ ಕೂತರು. ನಾನು ಚಾ ಹಿಡಿದು ಒಳಗೆ ಬರುವಷ್ಟರಲ್ಲಿ "ಆಂಡಮ್ಮಾ" ಅಂತ ಜೋರಾಗಿ ಅಂದರು. ಕಿವಿ ಮುಚ್ಚಿತ್ತಲ್ಲ, ಎಷ್ಟು ಜೋರು ಅಂತ ಅವರಿಗೆ ಗೊತ್ತಾಗಲಿಲ್ಲ.

ಬದಿ ಮುಗಿಯುವವರೆಗೂ ಕೇಳಿದರು. ಆಮೇಲೆ ಹೆಡ್‌ಫೋನ್ ತೆಗೆದು, "ನಮ್ಮ ಅಮ್ಮ ಅಲ್ಲ" ಅಂದರು. ಚಾ ಕುಡಿದರು. ಹೊರಡುವಾಗ "ಇದರದ್ದೊಂದು ಕಾಪಿ ಕೊಡಬಹುದಾ?" ಅಂತ ಕೇಳಿದರು.

ಕೊಡಲು ಇದು ನನ್ನದಲ್ಲ ಅಂದೆ.

"ಇಟ್ಟುಕೊಳ್ಳಲು ನಿಮ್ಮದಾ?" ಅಂದರು. ಸಿಟ್ಟಿನಿಂದ ಅಲ್ಲ, ಚಪ್ಪಲಿ ಹಾಕಿಕೊಳ್ಳುತ್ತಾ.

ನನಗೆ ಉತ್ತರ ಬರಲಿಲ್ಲ. ಬಸ್ ಸ್ಟಾಪಿನವರೆಗೆ ಸ್ಕೂಟರಿನಲ್ಲಿ ಬಿಟ್ಟು ಬಂದೆ, ಅಷ್ಟೇ. ಆ ತಾಯಿಯ ಮಗ ಇದ್ದಾನೋ ಇಲ್ಲವೋ, ಆ ಸಾಲ, ಆ ಮಾಡು ಸೋರುವುದು ಊರಿಡೀ ಕೇಳುವುದು ಅವನಿಗೆ ಬೇಕೋ ಬೇಡವೋ. ಅವನನ್ನು ಕೇಳದೆ ಹಂಚಲು ನನಗೆ ಧೈರ್ಯ ಬರುವುದಿಲ್ಲ. ನಿನಗೂ ಕಳಿಸುವುದಿಲ್ಲ, ಬೇಜಾರು ಮಾಡಬೇಡ.

ಕೇಳಬೇಕು ಅಂತಿದ್ದರೆ ನೀನೇ ಬಾ. ಬರುವಾಗ ಬೆಂಗಳೂರಿನಲ್ಲಿ ಡೆಕ್ಕಿನ ರಬ್ಬರ್ ಬೆಲ್ಟ್ ಎರಡು ಹುಡುಕಿ ತಾ. ಇಲ್ಲಿರುವುದು ಸಡಿಲ ಆಗಿದೆ, ನಿನ್ನೆಯಿಂದ ಎಲ್ಲರ ಸ್ವರವೂ ನಿದ್ದೆಯಲ್ಲಿ ಮಾತಾಡಿದ ಹಾಗೆ ಕೇಳುತ್ತಿದೆ.

ನಿನ್ನ ಗೆಳೆಯ