ಶಾಲೆಯ ಹಿತ್ತಿಲಿನ ಆಟದ ಅಂಗಳಕ್ಕೆ ಒಂದು ಚೀಲ ಸಿಮೆಂಟ್

ಊರ, ಪರವೂರ ಹಿತೈಷಿಗಳೇ, ಹಳೆ ವಿದ್ಯಾರ್ಥಿ ಮಿತ್ರರೇ, ನಮಸ್ಕಾರ.

ಇದನ್ನು ಬರೆಯುವಾಗ ಹೊರಗೆ ಆಟಿ ತಿಂಗಳ (ಜುಲೈ-ಆಗಸ್ಟ್) ಮಳೆ ಸುರಿಯುತ್ತಿದೆ. ಶಾಲೆಯ ಹಿತ್ತಿಲಲ್ಲಿ, ಗೇರು ಮರದ ಆಚೆ, ವಾಲಿಬಾಲ್‌ನ ಎರಡು ಕಂಬಗಳು ಕೆಸರಲ್ಲಿ ನಿಂತಿವೆ. ನೆಟ್ಟನ್ನು ಜೂನ್‌ನಲ್ಲೇ ಬಿಚ್ಚಿ ಒಳಗಿಟ್ಟಾಗಿದೆ. ಆದರೆ ತಾಲೂಕು ಮಟ್ಟದ ಪಂದ್ಯಾಟ ಬರುವುದು ಇದೇ ಆಗಸ್ಟ್, ಸೆಪ್ಟೆಂಬರ್‌ನಲ್ಲಿ ಅಲ್ವಾ? ನಮ್ಮ ಮಕ್ಕಳು ಜಗಲಿಯಲ್ಲಿ ಗೋಡೆಗೆ ಚೆಂಡು ಹೊಡೆದು ಅಭ್ಯಾಸ ಮಾಡುತ್ತಾರೆ. ಪಂದ್ಯಕ್ಕೆ ಹೋಗಿ ಸರ್ವಿಸ್ ಚೆನ್ನಾಗಿ ಮಾಡುತ್ತಾರೆ, ಆಮೇಲೆ ಸೋತು ಬರುತ್ತಾರೆ. ಗೋಡೆ ಅಷ್ಟನ್ನೇ ಕಲಿಸುವುದು.

ಹಾಗಾಗಿ ಮಳೆಗಾಲದಲ್ಲೂ ಆಡಬಹುದಾದ ಒಂದು ಕಾಂಕ್ರೀಟ್ ಅಂಗಳ ಮಾಡಲು ಹೊರಟಿದ್ದೇವೆ. "ಹಿಂದೆ ಒಂದು ಮಾಡಿದ್ರಲ್ಲ, ಅದೇನಾಯ್ತು?" ಎಂದು ಕೆಲವರು ಕೇಳಿಯೇ ಕೇಳುತ್ತೀರಿ. ಅದನ್ನು ಮೊದಲೇ ಹೇಳಿಬಿಡುತ್ತೇವೆ. ಬಾವಿಯ ಬದಿಯಲ್ಲಿ ಬ್ಯಾಡ್ಮಿಂಟನ್‌ಗೆಂದು ಮಾಡಿಸಿದ ಅಂಗಳ ಹಾಳಾಯಿತು. ತಪ್ಪು ಗುತ್ತಿಗೆದಾರರದ್ದು ಮಾತ್ರ ಅಲ್ಲ, ನಮ್ಮ ಅವಸರದ್ದೂ ಹೌದು. ಮೇ ತಿಂಗಳ ಉರಿ ಬಿಸಿಲಲ್ಲಿ, ಮಟಮಟ ಮಧ್ಯಾಹ್ನ ಕಾಂಕ್ರೀಟ್ ಹಾಕಿಸಿದೆವು. ಸಾಕಷ್ಟು ನೀರು ಉಣಿಸಲಿಲ್ಲ. ಇಳಿಜಾರು ಕೊಡಲಿಲ್ಲ. ಶಾಲೆ ಶುರುವಾಗುವ ಮೊದಲು ಚಂದ ಕಾಣಲಿ ಎಂದು ಹಸಿ ಆರುವ ಮೊದಲೇ ಬಣ್ಣ ಬಳಿದೆವು. ಮೊದಲ ಮಳೆಗೇ ಬಣ್ಣ ಹಪ್ಪಳದ ಹಾಗೆ ಉಬ್ಬಿ ಎದ್ದಿತು. ನಿಂತ ನೀರಿನ ಮೇಲೆ ಪಾಚಿ ಕಟ್ಟಿತು. ಆರನೇ ತರಗತಿಯ ಒಬ್ಬಳು ಹುಡುಗಿ ಜಾರಿ ಬಿದ್ದು ಮಣಿಕಟ್ಟು ಮುರಿದುಕೊಂಡ ದಿನವೇ ಅದಕ್ಕೆ ಹಗ್ಗ ಕಟ್ಟಿ ಮುಚ್ಚಿದೆವು.

ವರ್ಷಕ್ಕೆ 4000 ಮಿ.ಮೀ. ಆಸುಪಾಸು ಮಳೆ ಬೀಳುವ ಜಿಲ್ಲೆ ನಮ್ಮದು. ಅದರಲ್ಲಿ ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಬರುತ್ತದೆ. ಇಲ್ಲಿ ಅಂಗಳ ಮಾಡುವುದು ಎಂದರೆ ಮೊದಲು ನೀರಿಗೆ ದಾರಿ ಮಾಡುವುದು.

ಈ ಸಲದ ಅಂಗಳ 24 ಮೀಟರ್ ಉದ್ದ, 15 ಮೀಟರ್ ಅಗಲ. ವಾಲಿಬಾಲ್ ಕೋರ್ಟ್ 18ಕ್ಕೆ 9 ಮೀಟರ್. ಸುತ್ತ ಓಡಾಡಲು ಮೂರು ಮೀಟರ್ ಬಿಟ್ಟರೆ ಲೆಕ್ಕ ಇಲ್ಲಿಗೆ ಬಂತು. ಹುಡುಗಿಯರ ತ್ರೋಬಾಲ್ ಕೋರ್ಟೂ ಇದರೊಳಗೆ ಕೂರುತ್ತದೆ, ಗೆರೆಗೆ ಬೇರೆ ಬಣ್ಣ ಕೊಟ್ಟರಾಯಿತು. ಕಬಡ್ಡಿ ಮಾತ್ರ ಮಣ್ಣಿನಲ್ಲೇ ಇರಲಿ. ಕಾಂಕ್ರೀಟಿನ ಮೇಲೆ ಕಬಡ್ಡಿ ಆಡಿಸಿದರೆ ಮೊಣಕಾಲು ಉಳಿಯುವುದಿಲ್ಲ. ಉದ್ದವನ್ನು ಉತ್ತರ ದಕ್ಷಿಣಕ್ಕೇ ಇಡುತ್ತೇವೆ. ಇಲ್ಲವಾದರೆ ಸಂಜೆ ನಾಲ್ಕರ ಬಿಸಿಲು ಒಂದು ತಂಡದ ಕಣ್ಣಿಗೇ ಹೊಡೆಯುತ್ತದೆ. ಗೇರು ಮರ ಕಡಿಯುವುದಿಲ್ಲ. ಅದರ ಬೇರು ಕಾಂಕ್ರೀಟನ್ನು ಎತ್ತದಿರಲಿ ಎಂದು ಅಂಗಳವನ್ನೇ ಆಚೆ ಸರಿಸಿದ್ದೇವೆ.

ಅಗಲದ ಉದ್ದಕ್ಕೂ ಮೀಟರಿಗೆ ಒಂದು ಸೆಂಟಿಮೀಟರ್ ಇಳಿಜಾರು. ಅಂದರೆ ಒಂದು ಅಂಚಿಗಿಂತ ಇನ್ನೊಂದು ಅರ್ಧ ಅಡಿ ತಗ್ಗು. ಆಡುವವರಿಗೆ ಗೊತ್ತೇ ಆಗುವುದಿಲ್ಲ, ನೀರಿಗೆ ಗೊತ್ತಾಗುತ್ತದೆ. ತಗ್ಗಿನ ಬದಿಗೆ ಚರಂಡಿ. ತಳಕ್ಕೆ ಜಲ್ಲಿ, ಅದರ ಮೇಲೆ ಪ್ಲಾಸ್ಟಿಕ್ ಹಾಳೆ, ಆಮೇಲೆ ನಾಲ್ಕು ಇಂಚು ಕಾಂಕ್ರೀಟ್. ಹಳೆ ಅಂಗಳವನ್ನು ಒಡೆದ ಚೂರೂ ತಳಕ್ಕೇ ಹೋಗುತ್ತದೆ. ಸಮುದ್ರದ ಗಾಳಿಗೆ ಬರಿ ಕಬ್ಬಿಣ ನಿಲ್ಲುವುದಿಲ್ಲ, ಆದ್ದರಿಂದ ಕಂಬಗಳು ಸತು ಲೇಪಿಸಿದ ಜಿಐ ಪೈಪಿನವು.

ಕಾಂಕ್ರೀಟ್ ಹಾಕುವುದು ಡಿಸೆಂಬರ್‌ನಲ್ಲಿ, ಬೆಳಗ್ಗೆ ಬಿಸಿಲೇರುವ ಮೊದಲು. ಆಮೇಲೆ ಗೋಣಿಚೀಲ ಹೊದೆಸಿ ಎರಡು ವಾರ ಒದ್ದೆ ಇಡಬೇಕು. ನೀರು ಹಾಕುವ ಪಾಳಿಯನ್ನು ಏಳನೇ ತರಗತಿಯವರು ಈಗಲೇ ಬರೆದು ಗೋಡೆಗೆ ಅಂಟಿಸಿದ್ದಾರೆ! ಬಣ್ಣ 28 ದಿನ ಆಗದೆ ಮುಟ್ಟುವುದಿಲ್ಲ. ಆಗಲೂ ಒಂದು ತುಂಡು ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚನ್ನು ಟೇಪಿನಿಂದ ನೆಲಕ್ಕೆ ಅಂಟಿಸಿ, ಮರುದಿನ ಎತ್ತಿ ನೋಡುತ್ತೇವೆ. ಅಡಿಯಲ್ಲಿ ಹನಿ ಕಂಡರೆ ಇನ್ನೂ ಕಾಯುವುದು. ಬಣ್ಣಕ್ಕೆ ನುಣ್ಣನೆ ಮರಳು ಸೇರಿಸಿದರೆ ಕಾಲು ಜಾರುವುದು ಕಡಿಮೆ. ಕಡು ಹಸಿರು ಬೇಡ, ತಿಳಿ ಬಣ್ಣ ಸಾಕು. ನಮ್ಮ ಮಕ್ಕಳಲ್ಲಿ ಬರಿಗಾಲಿನವರೇ ಜಾಸ್ತಿ, ಏಪ್ರಿಲ್‌ನಲ್ಲಿ ಪಾದ ಸುಡುತ್ತದೆ. ಪಾಚಿ ಹೇಗೂ ಬರುತ್ತದೆ. ಮಳೆಗಾಲದಲ್ಲಿ ಬ್ಲೀಚಿಂಗ್ ಪೌಡರ್ ಹಾಕಿ ಬ್ರಷ್ಷಿನಲ್ಲಿ ಉಜ್ಜುವ ಹೊಣೆ ಪಿಟಿ ಮಾಸ್ಟ್ರದ್ದು. ಅವರು ಒಪ್ಪಿದ್ದಾರೆ, ಸ್ವಲ್ಪ ಗೊಣಗಿ.

ಮೇಲೆ ಶೀಟ್ ಹಾಕಿಸಿ ಎಂದವರಿದ್ದಾರೆ. ಆ ಖರ್ಚು ಸದ್ಯಕ್ಕೆ ನಮ್ಮ ಕೈಮೀರಿದ್ದು. ಜೋರು ಮಳೆ ಬಂದರೆ ಆಟ ನಿಲ್ಲುತ್ತದೆ. ಮಳೆ ಬಿಟ್ಟು ನೀರು ಹರಿದು ಹೋದರೆ ಮತ್ತೆ ಆಡಬಹುದು, ಕೆಸರು ಒಣಗಲು ವಾರ ಕಾಯಬೇಕಾಗಿಲ್ಲ. ಅಷ್ಟಾದರೂ ಸಾಕು.

ನಿಮ್ಮಿಂದ ಬೇಕಾದದ್ದು ಇದು. ಕಾಂಕ್ರೀಟಿಗೆ ಸುಮಾರು 290 ಚೀಲ ಸಿಮೆಂಟ್ ಬೇಕು. ಒಂದು ಚೀಲಕ್ಕೆ 400 ರೂಪಾಯಿಯ ಆಸುಪಾಸು. ಒಂದು ಚೀಲ ಕೊಟ್ಟರೂ ಸಂತೋಷ, ಹತ್ತು ಕೊಟ್ಟರೆ ಇನ್ನೂ ಸಂತೋಷ. ಮುಂಬಯಿ, ಬೆಂಗಳೂರು, ಗಲ್ಫ್‌ನಲ್ಲಿರುವ ಹಳೆ ವಿದ್ಯಾರ್ಥಿಗಳು ಬ್ಯಾಚಿನವರೆಲ್ಲ ಸೇರಿ ಜಲ್ಲಿ, ಕಂಬ, ಬಣ್ಣ, ಇದರಲ್ಲಿ ಒಂದನ್ನು ವಹಿಸಿಕೊಂಡರೆ ನಮ್ಮ ಭಾರ ಇಳಿಯುತ್ತದೆ. ಪೂರ್ತಿ ಅಂದಾಜು ಪಟ್ಟಿ, ಮೂರು ಕೊಟೇಶನ್ ಕಚೇರಿಯಲ್ಲಿವೆ. ಯಾರು ಬೇಕಾದರೂ ಬಂದು ನೋಡಬಹುದು.

ದೀಪಾವಳಿಯೊಳಗೆ ಹಣ ಕೈಸೇರಿದರೆ ಡಿಸೆಂಬರ್ ತಪ್ಪುವುದಿಲ್ಲ. ತಪ್ಪಿದರೆ ಮತ್ತೆ ಮೇ ತಿಂಗಳ ಅವಸರ, ಅದಂತೂ ಬೇಡ. ಖಾತೆಯ ವಿವರ ಶಾಲೆಯ ಕಚೇರಿಯಲ್ಲೇ ಕೇಳಿ ಪಡೆಯಿರಿ, ವಾಟ್ಸಾಪ್‌ನಲ್ಲಿ ಬರುವ ಕ್ಯೂಆರ್ ಕೋಡ್ ನಂಬಬೇಡಿ. 2000 ರೂಪಾಯಿ ದಾಟಿದ ನಗದಿಗೆ ಆದಾಯ ತೆರಿಗೆ ರಿಯಾಯಿತಿ ಸಿಗುವುದಿಲ್ಲ, ಚೆಕ್ ಅಥವಾ ಬ್ಯಾಂಕ್ ಮೂಲಕ ಕೊಡಿ. ರಸೀದಿ ಕೇಳಿ ಪಡೆಯಿರಿ.

ಹಣ ಕೊಡಲು ಆಗದವರು ಸಂಕೋಚಪಡಬೇಡಿ. ನವೆಂಬರ್‌ನ ಭಾನುವಾರಗಳಲ್ಲಿ ನೆಲ ಸಮತಟ್ಟು ಮಾಡುವ ಶ್ರಮದಾನ ಇದೆ. ಬೆಳಗ್ಗೆ ಏಳಕ್ಕೆ ಶುರು. ಹಾರೆ, ಪಿಕ್ಕಾಸು, ಬುಟ್ಟಿ ಮನೆಯಿಂದಲೇ ತನ್ನಿ. ಮಧ್ಯಾಹ್ನದ ಗಂಜಿ, ಚಟ್ನಿ ಶಾಲೆಯದ್ದು.

ಇತಿ,
ಶಾಲಾ ಆಡಳಿತ ಮಂಡಳಿ, ಶಿಕ್ಷಕರು ಮತ್ತು ಹಳೆ ವಿದ್ಯಾರ್ಥಿ ಸಂಘ