ಬಹಿಷ್ಕಾರ ಕಂಪನಿಗೆ, ನಷ್ಟ ಅಂಗಡಿಯವನಿಗೆ

ಮಾನ್ಯ ಸಂಪಾದಕರೇ,

ತುಮಕೂರಿನಲ್ಲಿ ಇಪ್ಪತ್ತಾರು ವರ್ಷಗಳಿಂದ ಸಣ್ಣದೊಂದು ದಿನಸಿ ಅಂಗಡಿ ನಡೆಸಿಕೊಂಡು ಬಂದಿದ್ದೇನೆ. ಕಳೆದ ತಿಂಗಳು ಏಳೆಂಟು ಮಂದಿ ಯುವಕರು ಅಂಗಡಿಗೆ ಬಂದು, ಒಂದು ಕಂಪನಿಯ ತಂಪು ಪಾನೀಯಗಳನ್ನು ಆ ದಿನವೇ ಕಪಾಟಿನಿಂದ ಇಳಿಸಬೇಕೆಂದೂ ಇಲ್ಲದಿದ್ದರೆ ನನ್ನ ಅಂಗಡಿಯನ್ನೂ ಬಹಿಷ್ಕಾರದ ಪಟ್ಟಿಗೆ ಸೇರಿಸುವುದಾಗಿಯೂ ಹೇಳಿದರು. ಮಾತು ಶುರುವಾಗುವ ಮೊದಲೇ ಒಬ್ಬ ಮೊಬೈಲ್ ಹಿಡಿದು ಚಿತ್ರೀಕರಿಸತೊಡಗಿದ್ದ. ಆ ಕಂಪನಿಯ ಮೇಲೆ ಅವರಿಗಿರುವ ಸಿಟ್ಟು ನ್ಯಾಯವೋ ಅಲ್ಲವೋ ಎಂಬ ಚರ್ಚೆಗೆ ನಾನು ಇಲ್ಲಿ ಹೋಗುವುದಿಲ್ಲ. ಬಂದವರಲ್ಲಿ ಇಬ್ಬರು ನಮ್ಮ ಬೀದಿಯವರೇ; ಶಾಲೆಗೆ ಹೋಗುವಾಗ ನನ್ನಲ್ಲೇ ಪೆಪ್ಪರಮಿಂಟು ಕೊಳ್ಳುತ್ತಿದ್ದ ಹುಡುಗರು.

ತನಗೆ ಒಪ್ಪಿಗೆಯಾಗದ ಸರಕನ್ನು ಕೊಳ್ಳದೆ ಇರುವುದು, ಕೊಳ್ಳಬೇಡಿರೆಂದು ನಾಲ್ಕು ಜನರಿಗೆ ಹೇಳುವುದು ಗಿರಾಕಿಯ ಹಕ್ಕು. ಅದರ ಬಗ್ಗೆ ನನ್ನ ತಕರಾರಿಲ್ಲ. 1905ರಲ್ಲಿ ಬಂಗಾಳದ ವಿಭಜನೆಯನ್ನು ವಿರೋಧಿಸಿ ವಿದೇಶಿ ಬಟ್ಟೆಯನ್ನು ಬಿಟ್ಟವರ ಪರಂಪರೆ ನಮ್ಮದು. ಆದರೆ ಇಂದು ಬಹಿಷ್ಕಾರಕ್ಕೆ ಕರೆ ಕೊಡುವವರಲ್ಲಿ ಬಹಳಷ್ಟು ಮಂದಿಗೆ ಚಿಲ್ಲರೆ ಅಂಗಡಿಯ ಲೆಕ್ಕ ಗೊತ್ತಿಲ್ಲವೆಂಬುದು ನನ್ನ ಅನುಭವ. ನನ್ನ ಕಪಾಟಿನಲ್ಲಿರುವ ಬಾಟಲಿ ಕಂಪನಿಯದಲ್ಲ, ನನ್ನದು. ಕಂಪನಿಯ ಸರಕು ಹಂಚುವ ಏಜೆನ್ಸಿಯವರು ಅದನ್ನು ಇಳಿಸಿದ ದಿನವೇ ನಗದು ಎಣಿಸಿರುತ್ತೇನೆ, ಅಥವಾ ವಾರದ ಗಡುವಿನ ಉದ್ರಿ ಬಿಲ್ಲಿಗೆ ಸಹಿ ಹಾಕಿರುತ್ತೇನೆ. ಹತ್ತು ಕ್ರೇಟ್ ತೆಗೆದುಕೊಂಡರೆ ಒಂದು ಉಚಿತ ಎಂಬ ಸ್ಕೀಮಿಗೆ ಆಸೆಪಟ್ಟು ಅಗತ್ಯಕ್ಕಿಂತ ಹೆಚ್ಚು ತುಂಬಿಸಿಕೊಂಡಿರುವುದೂ ಉಂಟು. ಅದು ನನ್ನದೇ ತಪ್ಪು, ಒಪ್ಪುತ್ತೇನೆ. ಅವಧಿ ಮುಗಿದ ಸರಕನ್ನು ಹಿಂದಿರುಗಿ ತೆಗೆದುಕೊಳ್ಳಿ ಎಂದರೆ ಆರ್ಡರ್ ಕೇಳಿಕೊಂಡು ಲೈನಿಗೆ ಬರುವ ಏಜೆನ್ಸಿಯ ಹುಡುಗ ಮೂರು ವಾರ ಮುಖ ತೋರಿಸುವುದಿಲ್ಲ. ಹೀಗಿರುವಾಗ ಮಾರಾಟ ನಿಂತ ದಿನ ಕಂಪನಿಯ ಕೈಗೆ ಹಣ ಸೇರಿಯಾಗಿರುತ್ತದೆ, ಏಜೆನ್ಸಿಯ ಲಾಭವೂ ಕೂತಿರುತ್ತದೆ, ಬಹಿಷ್ಕಾರದ ಏಟು ಬೀಳುವುದು ನನ್ನ ಗಲ್ಲಾಪೆಟ್ಟಿಗೆಯ ಮೇಲೆ ಮಾತ್ರ.

ಇನ್ನೊಂದು ಕಡೆಯಿಂದ, ಯಾವ ಸರಕು ಇಡಬೇಕೆಂಬ ನನ್ನ ಆಯ್ಕೆಯೂ ಜನ ತಿಳಿದಷ್ಟು ಸ್ವತಂತ್ರವಾಗಿಲ್ಲ. ಅಂಗಡಿಯ ಮುಂದಿರುವ ಕೆಂಪು ಫ್ರಿಜ್ ಕಂಪನಿ ಕೊಟ್ಟದ್ದು. ಅದರಲ್ಲಿ ಬೇರೆಯವರ ಬಾಟಲಿ ಕಂಡರೆ ಫ್ರಿಜ್ಜನ್ನೇ ಎತ್ತಿಕೊಂಡು ಹೋಗುವುದಾಗಿ ಅವರ ಪ್ರತಿನಿಧಿ ಗದರಿಸಿದ್ದುಂಟು. ಒಳಗಿನಿಂದ ಕಂಪನಿಯೂ ಹೊರಗಿನಿಂದ ಹೋರಾಟಗಾರರೂ ನನ್ನ ಕಪಾಟಿನ ಮೇಲೆ ಅಧಿಕಾರ ನಡೆಸುವುದಾದರೆ, ಸಂವಿಧಾನದ 19ನೇ ವಿಧಿ ಕೊಟ್ಟಿರುವ ವ್ಯಾಪಾರದ ಸ್ವಾತಂತ್ರ್ಯ ನನ್ನ ಪಾಲಿಗೆ ಬಾಗಿಲು ತೆರೆದು ಕೂರುವುದಕ್ಕಷ್ಟೇ ಸೀಮಿತವಾಗುತ್ತದೆ.

ಹಳೆಯ ದಾಸ್ತಾನಿನ ಪ್ರಶ್ನೆ ಸ್ವಾತಂತ್ರ್ಯ ಚಳವಳಿಯಲ್ಲೂ ಎದುರಾಗಿತ್ತು. 1930ರ ಸುಮಾರಿಗೆ ಅನೇಕ ಬಟ್ಟೆ ವ್ಯಾಪಾರಿಗಳು ತಮ್ಮಲ್ಲಿದ್ದ ವಿದೇಶಿ ಬಟ್ಟೆಯ ಗಂಟುಗಳಿಗೆ, ಮಾರುವುದಿಲ್ಲವೆಂದು ಮೊಹರು ಹಾಕಿಸಿಕೊಂಡು ಕೂತಿದ್ದರು. ಹಾಕಿದ ಬಂಡವಾಳ ಮೊಹರಿನೊಳಗೇ ಉಳಿಯಿತು. 1931ರ ಮಾರ್ಚ್ 5ರ ಗಾಂಧಿ–ಇರ್ವಿನ್ ಒಪ್ಪಂದವು ಈ ವಿಷಯದಲ್ಲಿ ಎಷ್ಟು ಸ್ಪಷ್ಟವಾಗಿತ್ತೆಂದರೆ, ರಾಜಕೀಯ ಆವೇಶದ ಕಾಲದಲ್ಲಿ ಬ್ರಿಟಿಷ್ ಸರಕನ್ನು ಕೊಳ್ಳುವುದನ್ನಾಗಲಿ ಮಾರುವುದನ್ನಾಗಲಿ ಬಿಟ್ಟವರು ಮತ್ತೆ ಮನಸ್ಸು ಬದಲಿಸಲು ಇಚ್ಛಿಸಿದರೆ ಅವರಿಗೆ ಯಾವ ಅಡ್ಡಿಯೂ ಇರಬಾರದೆಂದು ಅದು ಹೇಳಿತು. ಅಂಗಡಿಯ ಮುಂದೆ ಪಿಕೆಟಿಂಗ್ ನಡೆಸಲು, ಅಂದರೆ ಕೊಳ್ಳಬೇಡಿರೆಂದು ನಿಂತು ಕೇಳಿಕೊಳ್ಳಲು ಅವಕಾಶವಿತ್ತು. ಬಲವಂತ, ಬೆದರಿಕೆ, ಸಾರ್ವಜನಿಕರಿಗೆ ಅಡಚಣೆ ಇವಕ್ಕೆ ಅವಕಾಶವಿರಲಿಲ್ಲ. ಕೊಳ್ಳುವವನ ಜೊತೆಗೆ ಮಾರುವವನನ್ನೂ ಅಲ್ಲಿ ನೆನೆಸಿಕೊಂಡಿದ್ದರೆಂಬುದು ನನ್ನಂಥವನಿಗೆ ಸಣ್ಣ ಸಮಾಧಾನ.

ವ್ಯಾಪಾರಿಯ ಹಕ್ಕಿಗೂ ಮಿತಿಯಿದೆ. ಒಂದು ಸರಕನ್ನು ಇಡುವುದಿಲ್ಲವೆಂದು ನಾನು ಹೇಳಬಹುದು. ಒಬ್ಬ ಮನುಷ್ಯನಿಗೆ ಕೊಡುವುದಿಲ್ಲವೆಂದು ಜಾತಿ, ಧರ್ಮ ನೋಡಿ ಹೇಳುವಂತಿಲ್ಲ. ಅಂಗಡಿಗಳಿಗೆ ಪ್ರವೇಶ ತಡೆಯಬಾರದೆಂದು ಸಂವಿಧಾನದ 15ನೇ ವಿಧಿಯೇ ಹೇಳುತ್ತದೆ. ಪರಿಶಿಷ್ಟ ಜಾತಿ, ಪಂಗಡದವರಿಗೆ ಸಾಮಾಜಿಕ ಅಥವಾ ಆರ್ಥಿಕ ಬಹಿಷ್ಕಾರ ಹಾಕುವುದು ದೌರ್ಜನ್ಯ ತಡೆ ಕಾಯ್ದೆಗೆ 2015ರಲ್ಲಾದ ತಿದ್ದುಪಡಿಯಂತೆ ಅಪರಾಧ. ಇಂಗ್ಲಿಷಿನ ಬಾಯ್‌ಕಾಟ್ ಎಂಬ ಪದವೂ 1880ರಲ್ಲಿ ಐರ್ಲೆಂಡಿನ ರೈತರು ಬಹಿಷ್ಕರಿಸಿದ ಜಮೀನ್ದಾರರ ಏಜೆಂಟನೊಬ್ಬನ ಹೆಸರಿನಿಂದ ಬಂದದ್ದು. ನಮ್ಮ ಹಳ್ಳಿಗಳಲ್ಲಿ ಅಂಗಡಿಯಲ್ಲಿ ಸಾಮಾನು ಕೊಡಬೇಡಿ ಎಂಬ ಕಟ್ಟಪ್ಪಣೆ ಯಾರ ಮೇಲೆ ಹೊರಟಿತ್ತೆಂಬುದನ್ನು ಬಲ್ಲವರು, ಸರಕಿನ ಮೇಲಿನ ಬಹಿಷ್ಕಾರ ಮನುಷ್ಯರ ಕಡೆಗೆ ತಿರುಗುವ ಕ್ಷಣವನ್ನು ಬೇಗ ಗುರುತಿಸುತ್ತಾರೆ.

ವ್ಯಾಪಾರಿಗಳು ಒಟ್ಟಾಗಿ ನಿರ್ಧರಿಸಿದಾಗ ಏನು? 2017ರಲ್ಲಿ ತಮಿಳುನಾಡಿನ ವರ್ತಕರ ಸಂಘಗಳು ಎರಡು ದೊಡ್ಡ ವಿದೇಶಿ ಕಂಪನಿಗಳ ತಂಪು ಪಾನೀಯ ಮಾರುವುದಿಲ್ಲವೆಂದು ಜನವರಿಯಲ್ಲಿ ಪ್ರಕಟಿಸಿ, ಮಾರ್ಚ್ 1ರಿಂದ ಜಾರಿಗೆ ತಂದವು. ಅವರ ಕಾರಣಗಳಿಗಿಂತ ನಡುವಿನ ಆ ಒಂದು ತಿಂಗಳು ನನಗೆ ಮುಖ್ಯವಾಗಿ ಕಾಣುತ್ತದೆ; ಅಷ್ಟರಲ್ಲಿ ಇದ್ದ ಸರಕು ಖಾಲಿ ಮಾಡಿಕೊಳ್ಳಬಹುದು. ಆದರೆ ಸಂಘ ಇದಕ್ಕಿಂತ ಮುಂದೆ ಹೋಗಿ, ತನ್ನ ಮಾತು ಕೇಳದವರ ವ್ಯಾಪಾರವನ್ನೇ ಕಟ್ಟಿಹಾಕಲು ಹೊರಟರೆ ಅದು ಬೇರೆ ವಿಷಯ. ಸಂಘದ ಒಪ್ಪಿಗೆ ಪತ್ರವಿಲ್ಲದೆ ಕಂಪನಿಗಳು ಹೊಸ ವಿತರಕರನ್ನು ನೇಮಿಸಬಾರದೆಂಬ ಔಷಧ ವ್ಯಾಪಾರಿಗಳ ಅಖಿಲ ಭಾರತ ಸಂಘಟನೆಯ ಪದ್ಧತಿಯನ್ನು ಭಾರತೀಯ ಸ್ಪರ್ಧಾ ಆಯೋಗವು 2013ರಲ್ಲಿ ಕಾನೂನುಬಾಹಿರವೆಂದು ತೀರ್ಮಾನಿಸಿ ದಂಡ ಹಾಕಿತು.

2025ರ ಮೇ ತಿಂಗಳಿನಲ್ಲಿ ಟರ್ಕಿಯ ಮೇಲಿನ ಸಿಟ್ಟಿನಿಂದ ಮಿಂತ್ರಾ, ಅಜಿಯೋದಂಥ ಆನ್‌ಲೈನ್ ಮಾರಾಟಗಾರರು ಆ ದೇಶದ ಬ್ರ್ಯಾಂಡ್‌ಗಳನ್ನು ಕೈಬಿಟ್ಟರು, ಪುಣೆಯ ಸಗಟು ವ್ಯಾಪಾರಿಗಳು ಅಲ್ಲಿಯ ಸೇಬು ತರಿಸುವುದನ್ನು ನಿಲ್ಲಿಸಿದರು. ಅದನ್ನು ತೋರಿಸಿ, ಅಷ್ಟು ದೊಡ್ಡವರಿಗೆ ಸಾಧ್ಯವಾದದ್ದು ನಿಮಗೇಕೆ ಆಗದು ಎಂದು ಆ ಯುವಕರಲ್ಲೊಬ್ಬ ಕೇಳಿದ. ಪರದೆಯ ಮೇಲಿನಿಂದ ಸರಕಿನ ಚಿತ್ರ ಅಳಿಸುವುದಕ್ಕೂ ಕಾಸು ಕೊಟ್ಟು ತಂದ ಕ್ರೇಟನ್ನು ಹಿತ್ತಿಲಿನಲ್ಲಿ ರಾಶಿ ಹಾಕುವುದಕ್ಕೂ ಇರುವ ವ್ಯತ್ಯಾಸವನ್ನು ಅವನಿಗೆ ಬಿಡಿಸಿ ಹೇಳಲು ಆ ಮೊಬೈಲಿನ ಎದುರು ನನ್ನಿಂದ ಆಗಲಿಲ್ಲ. ಅದಕ್ಕೇ ಈ ಪತ್ರ.

ಬಹಿಷ್ಕಾರಕ್ಕೆ ಕರೆ ಕೊಡುವವರಲ್ಲಿ ನನ್ನ ಕೋರಿಕೆ ಇಷ್ಟೇ: ಇರುವುದನ್ನು ಇಳಿಸಿ ಎನ್ನಬೇಡಿ, ಹೊಸ ಆರ್ಡರ್ ಕೊಡಬೇಡಿ ಎಂದು ಕೇಳಿ. ಗಿರಾಕಿಗಳು ನಿಜವಾಗಿಯೂ ಕೊಳ್ಳುವುದನ್ನು ಬಿಟ್ಟರೆ ಯಾವ ಅಂಗಡಿಯವನೂ ಆ ಸರಕನ್ನು ಎರಡನೆಯ ಸಲ ತರಿಸುವುದಿಲ್ಲ, ಆಗ ಪೆಟ್ಟು ತಾಗಬೇಕಾದವರಿಗೇ ತಾಗುತ್ತದೆ. ನಮ್ಮ ವರ್ತಕರ ಸಂಘದ ಮುಂದಿನ ಸಭೆಯಲ್ಲೂ ಈ ಮಾತನ್ನು ಇಡುವವನಿದ್ದೇನೆ. ಅಲ್ಲಿಯವರೆಗೆ ಉಳಿದಿರುವ ಮೂರು ಕ್ರೇಟ್ ಕಪಾಟಿನಲ್ಲೇ ಇರುತ್ತವೆ.

ಇತಿ,
ಒಬ್ಬ ದಿನಸಿ ವ್ಯಾಪಾರಿ, ತುಮಕೂರು