ಲೆಕ್ಕ ಓದುವುದಕ್ಕೆ ಮೀಟಿಂಗ್ ಯಾಕೆ?

ಮಾನ್ಯ ಸಂಪಾದಕರೇ,

ಕೌಲ್‌ಬಜಾರಿನ ಸಣ್ಣ ಶೆಡ್ ಇರಲಿ, ಮುಂಡರಗಿಯ ಅಪರೆಲ್ ಪಾರ್ಕ್ ಇರಲಿ, ಬಳ್ಳಾರಿಯ ಜೀನ್ಸ್ ಘಟಕಗಳ ವಾರದ ಮೀಟಿಂಗ್ ಹೆಚ್ಚಾಗಿ ಲೆಕ್ಕ ಓದುವುದರಲ್ಲೇ ಮುಗಿಯುತ್ತದೆ. ಕಟಿಂಗ್ ಎಷ್ಟು, ಸ್ಟಿಚಿಂಗ್ ಎಷ್ಟು, ವಾಷಿಂಗ್‌ನಲ್ಲಿ ಬಾಕಿ ಎಷ್ಟು. ರಿಜೆಕ್ಟ್ ಮಾತು ಬರುವ ಹೊತ್ತಿಗೆ ಚಹಾ ಬಂದಿರುತ್ತದೆ, ‘ನೋಡ್ಕೊಳ್ರಪ್ಪ’ ಎಂದು ಎಲ್ಲರೂ ಏಳುತ್ತಾರೆ.

ಈ ಅಂಕಿಗಳನ್ನು ಹಿಂದಿನ ಸಂಜೆಯೇ ವಾಟ್ಸ್‌ಆ್ಯಪ್‌ಗೆ ಹಾಕಿದರೆ ಸಾಕು. ಮೀಟಿಂಗಿಗೆ ಬರಬೇಕಾದದ್ದು ಕೆಟ್ಟಿರುವ ಎರಡು, ಹೆಚ್ಚೆಂದರೆ ಮೂರು ವಿಷಯ. ‘ವಾಷಿಂಗ್‌ನವರು ಮಾಲು ಕೆಡಿಸ್ತಾರೆ’ ಎಂದರೆ ಜಗಳ. ‘34ರ ಸೈಜಿನಲ್ಲಿ ವಾಶ್ ಆದ ಮೇಲೆ ಕೆಲವು ಪೀಸ್‌ಗಳ ಸೊಂಟ ಒಂದಿಂಚು ಕಮ್ಮಿ, ಉಳಿದವು ಸರಿ’ ಎಂದರೆ ಕೆಲಸ ಶುರು. ಆ ಪ್ಯಾಂಟುಗಳು ಮೇಜಿನ ಮೇಲಿರಬೇಕು, ಪಕ್ಕದಲ್ಲಿ ಟೇಪು.

ಒಂದೇ ಮಷಿನ್‌ನಲ್ಲಿ ಒಟ್ಟಿಗೆ ವಾಶ್ ಆದವುಗಳಲ್ಲಿ ಕೆಲವು ಮಾತ್ರ ಕುಗ್ಗಿದ್ದರೆ ಮೊದಲು ಅನುಮಾನಿಸಬೇಕಾದದ್ದು ಬಟ್ಟೆಯ ರೋಲನ್ನು. ಬೇರೆ ಬೇರೆ ಪ್ರಮಾಣದಲ್ಲಿ ಕುಗ್ಗುವ ರೋಲುಗಳನ್ನು ಒಂದೇ ಲೇಯಲ್ಲಿ, ಅಂದರೆ ಒಂದರ ಮೇಲೊಂದು ಪದರವಾಗಿ ಹಾಸಿ, ಒಂದೇ ಪ್ಯಾಟರ್ನ್‌ನಲ್ಲಿ (ಕತ್ತರಿಸುವ ಅಳತೆಯ ಅಚ್ಚು) ಕತ್ತರಿಸಿದರೆ ಹೀಗಾಗುತ್ತದೆ. ಪ್ರತಿ ರೋಲಿನ ತುಂಡಿನ ಮೇಲೆ 50 ಸೆಂ.ಮೀ. ಚೌಕ ಗುರುತು ಹಾಕಿ, ಇಡೀ ಲಾಟಿಗೆ (ಒಟ್ಟಿಗೆ ತಯಾರಾಗುವ ಮಾಲು) ಮಾಡುವ ವಾಶನ್ನೇ ಮಾಡಿಸಿ, ಒಣಗಿಸಿ ಅಳೆಯಬೇಕು. ಒಂದು ಸೆಂ.ಮೀ. ಕುಗ್ಗಿದರೆ ಶೇ 2. ಉದ್ದ, ಅಡ್ಡ ಎರಡನ್ನೂ ಬರೆದಿಡಿ: ಸ್ಟ್ರೆಚ್ ಡೆನಿಮ್ ಸಾಮಾನ್ಯವಾಗಿ ಅಡ್ಡಕ್ಕೇ ಹೆಚ್ಚು ಕುಗ್ಗುತ್ತದೆ, ಸೊಂಟದ ಅಳತೆ ಬೀಳುವುದೂ ಅಡ್ಡಕ್ಕೇ. ಹೆಚ್ಚುಕಮ್ಮಿ ಒಂದೇ ಪ್ರಮಾಣದಲ್ಲಿ ಕುಗ್ಗುವ ರೋಲುಗಳನ್ನು ಗುಂಪು ಮಾಡಿ, ಆ ಕುಗ್ಗುವಿಕೆಗೆ ತಕ್ಕಂತೆ ಗುಂಪಿಗೊಂದು ಪ್ಯಾಟರ್ನ್ ಕೊಟ್ಟರಾಯಿತು.

ಇಷ್ಟು ಗೊತ್ತಿರುವ ಕಟಿಂಗ್ ಮಾಸ್ಟರ್ ಮೀಟಿಂಗಿನಲ್ಲಿ ಸುಮ್ಮನೆ ಕೂರುವುದಕ್ಕೆ ಕಾರಣ, ಮಾಲೀಕರು ಮೊದಲೇ ಬಾಯಿ ಬಿಡುವುದು. ಅವರು ಕೊನೆಗೆ ಮಾತಾಡಲಿ.

ತೀರ್ಮಾನವನ್ನು ಒಂದೇ ಸಾಲಿನಲ್ಲಿ ಬರೆಯಬೇಕು: ‘ಮುಂದಿನ ಲಾಟಿನ ಎಲ್ಲ ರೋಲು ಪರೀಕ್ಷೆ, ಕಟಿಂಗ್ ಮಾಸ್ಟರ್, ಗುರುವಾರ’. ‘ಎಲ್ಲರೂ ಗಮನಿಸಿ’ ಎಂದು ಬರೆದರೆ ಯಾರೂ ಗಮನಿಸುವುದಿಲ್ಲ. ಮುಂದಿನ ವಾರದ ಮೀಟಿಂಗ್ ಇದೇ ಸಾಲಿನಿಂದ ಶುರುವಾಗಲಿ. ‘ಮಾಡಿದೆ’ ಎನ್ನುವ ಉತ್ತರ ಸಾಲದು, ವಾಶ್ ಆದ ಮೇಲಿನ ಸೊಂಟದ ಅಳತೆ ಬೇಕು.

ವಾಷಿಂಗ್ ಹೊರಗಿನ ಜಾಬ್‌ವರ್ಕ್ ಆಗಿದ್ದರೆ ಅವರನ್ನು ಆ ವಿಷಯದ ಹದಿನೈದು ನಿಮಿಷಕ್ಕಷ್ಟೇ ಕರೆಯಿರಿ. ಅವರಿಲ್ಲದೆ ಅವರ ಮೇಲೆ ಹಾಕಿದ ತಪ್ಪು ಮುಂದಿನ ವಾರವೂ ಅಲ್ಲೇ ಇರುತ್ತದೆ. ಕೂಲಿ ಬಾಕಿ, ರಜೆಯ ಮಾತಿಗೆ ಬೇರೆ ದಿನವನ್ನೇ ಕೊಡಬೇಕು. ಇಲ್ಲದಿದ್ದರೆ, ನ್ಯಾಯವಾಗಿಯೇ, ಅವೇ ಮೀಟಿಂಗನ್ನು ನುಂಗುತ್ತವೆ.

– ಜೀನ್ಸ್ ಘಟಕವೊಂದರ ಪ್ರೊಡಕ್ಷನ್ ಮೇಲ್ವಿಚಾರಕ, ಬಳ್ಳಾರಿ